ಪಹಣಿಯಲ್ಲಿ ಇಲ್ಲದವರ ಪಟ್ಟಿ: ಒಂದು ಅಡಿಕೆ ತೋಟ, ಅದರ ಬೆಟ್ಟ, ಎರಡು ವರ್ಷದ ಲೆಕ್ಕ

ನಮ್ಮ ಜಮೀನಿನ ಪಹಣಿ ತೆಗೆದರೆ ಬೆಳೆಯ ಕಾಲಂನಲ್ಲಿ ಇರುವುದು ‘ಅಡಿಕೆ’ ಎಂಬ ಒಂದೇ ಶಬ್ದ. ನಾಲ್ಕೈದು ವರ್ಷದ ಹಿಂದೆ ಮನೆಯಲ್ಲಿ ಹಿಸೆಯ ಮಾತು ಎದ್ದಿತು. ಅಡಿಕೆ ಮರ ಎಣಿಸಿದರು, ತೆಂಗು ಎಣಿಸಿದರು, ಫಸಲು ಕೊಡುವ ಕಾಳುಮೆಣಸಿನ ಬಳ್ಳಿ ಎಣಿಸಿದರು. ಹಿತ್ತಲಿನ ಎರಡು ಹಲಸಿನ ಮರ ಯಾರ ಪಾಲಿಗೆ ಅನ್ನುವುದಕ್ಕೇ ಅರ್ಧ ದಿನ ಹೋಯಿತು. ಬೆಟ್ಟದ ಸರದಿ ಬಂದಾಗ ಜಗುಲಿಯಲ್ಲಿದ್ದ ಹಿರಿಯರೊಬ್ಬರು, "ಬೆಟ್ಟದಲ್ಲಿ ಎಂತ ಇದ್ದು? ಸೊಪ್ಪು" ಅಂದರು. ಯಾರೂ ಬೇರೆ ಮಾತು ಆಡಲಿಲ್ಲ. ಹದಿನಾರು ಎಕರೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಹಿಸೆ ಆ ವರ್ಷ ಆಗಲಿಲ್ಲ, ಈಗಲೂ ಆಗಿಲ್ಲ. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ನಾನು ಪುತ್ತೂರು ಕಡೆಯಿಂದ ಸಿದ್ದಾಪುರ ತಾಲೂಕಿನ ಈ ಕೇರಿಗೆ ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷ. ಅಷ್ಟು ವರ್ಷ ಆ ಬೆಟ್ಟದ ಕಟ್ಟಿಗೆ ಸುಟ್ಟಿದ್ದೇನೆ, ಅದರ ಹಣ್ಣು ತಿಂದಿದ್ದೇನೆ, ಅದರ ಹಳ್ಳದ ನೀರು ಕುಡಿದಿದ್ದೇನೆ. ಅಲ್ಲಿ ಎಂತ ಇದೆ ಎಂದು ಕೇಳಿದರೆ ನನಗೂ ಇಪ್ಪತ್ತು ಹೆಸರಿಗಿಂತ ಮುಂದೆ ಹೋಗುತ್ತಿರಲಿಲ್ಲ. ಹಾಗಾಗಿ ಒಂದು ದಪ್ಪ ನೋಟುಬುಕ್ಕು ತಂದು, ಜೂನ್ ತಿಂಗಳ ಮೊದಲ ವಾರ ಅಲ್ಲಿನ ಗಿಡ-ಮರ, ಪ್ರಾಣಿ-ಹಕ್ಕಿಗಳ ಪಟ್ಟಿ ಶುರು ಮಾಡಿದೆ. ಅದರಿಂದ ಆದದ್ದೇನು, ತಪ್ಪಿದ್ದೆಲ್ಲಿ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ತಮ್ಮ ಜಾಗದ ಪಟ್ಟಿ ಮಾಡಬೇಕು ಎಂದು ಮನಸ್ಸಿರುವ ಬೇರೆಯವರಿಗೆ ಬೇಕಾದೀತು.

ಜಾಗ ಎಂಥದ್ದು

ಎರಡು ಎಕರೆ ಅಡಿಕೆ ತೋಟ, ಮನೆ-ಹಿತ್ತಲು, ಸುಮಾರು ಒಂದು ಎಕರೆ ಬ್ಯಾಣ (ಹುಲ್ಲುಗಾವಲು), ಹದಿನಾರು ಎಕರೆ ಸೊಪ್ಪಿನ ಬೆಟ್ಟ. ತೋಟಕ್ಕೂ ಬೆಟ್ಟಕ್ಕೂ ನಡುವೆ ಒಂದು ಹಳ್ಳ. ಮಾರ್ಚ್‌ವರೆಗೆ ಹರಿಯುತ್ತದೆ, ಆಮೇಲೆ ಗುಂಡಿಗಳಲ್ಲಿ ಮಾತ್ರ ನೀರು.

ಹೊರಗಿನವರಿಗೆ ಸೊಪ್ಪಿನ ಬೆಟ್ಟ ಎಂದರೆ ತಿಳಿಯುವುದಿಲ್ಲ. ಅಡಿಕೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆಯಲ್ಲಿ ಸೊಪ್ಪು ಹಾಸಬೇಕು, ಸೊಪ್ಪಿಗೆ ಕಾಡು ಬೇಕು. ಬ್ರಿಟಿಷರ ಕಾಲದಲ್ಲೇ ಈ ಲೆಕ್ಕವನ್ನು ಒಪ್ಪಿಕೊಂಡು, ಉತ್ತರ ಕನ್ನಡದ ಘಟ್ಟದ ಮೇಲಿನ ತೋಟಗಳಿಗೆ ಎಕರೆಗೆ 9 ಎಕರೆವರೆಗೆ ಬೆಟ್ಟ ಬಿಟ್ಟರು. ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಕಟ್ಟಿಗೆ ತರುವ ಹಕ್ಕು ತೋಟದವರದು. ನೆಲವೂ ಮರವೂ ಸರ್ಕಾರದ್ದು. ಹಾಗಾಗಿ ‘ನಮ್ಮ ಬೆಟ್ಟ’ ಎಂದು ಬಾಯಲ್ಲಿ ಹೇಳಿದರೂ ಅದು ಅರಣ್ಯ ಭೂಮಿ. ಇದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡೆವು: ಬೆಟ್ಟದಲ್ಲಿ ಕ್ಯಾಮೆರಾ ಕಟ್ಟಲಿಲ್ಲ, ಹುಳ-ಹಕ್ಕಿ ಹಿಡಿಯಲಿಲ್ಲ, ಗಿಡ ಕಿತ್ತು ಒಣಗಿಸಲಿಲ್ಲ. ನೋಡಿದ್ದು, ಬರೆದದ್ದು, ಫೋಟೊ ತೆಗೆದದ್ದು, ಅಷ್ಟೇ.

ಜಾಗವನ್ನು ಐದು ಭಾಗ ಮಾಡಿದೆವು: ಅಂಗಳ-ಹಿತ್ತಲು, ತೋಟ, ಹಳ್ಳದ ಅಂಚು, ಬ್ಯಾಣ, ಬೆಟ್ಟ. ವಾರಕ್ಕೆ ಒಂದು ಬೆಳಿಗ್ಗೆ ಒಂದೇ ದಾರಿ ಹಿಡಿದು ನಡೆಯುವುದು, ತಿಂಗಳಿಗೆ ಎರಡು ರಾತ್ರಿ ಟಾರ್ಚು ಹಿಡಿದು ಹಳ್ಳದ ಬದಿ. ನೋಟುಬುಕ್ಕಿನಲ್ಲಿ ತಾರೀಕು, ಹೊತ್ತು, ಜಾಗ, ಏನು ಕಂಡಿತು, ಅದು ಏನು ಮಾಡುತ್ತಿತ್ತು, ಯಾರು ಕಂಡರು, ಹೆಸರು ಹೇಳಿದವರು ಯಾರು, ಫೋಟೊ ನಂಬರು. ‘ಹೆಸರು ಹೇಳಿದವರು ಯಾರು’ ಎಂಬ ಮನೆಯನ್ನು ನಾನು ಎರಡನೇ ತಿಂಗಳಲ್ಲಿ ಸೇರಿಸಿದ್ದು. ಮೊದಲ ದಿನವೇ ಇರಬೇಕಿತ್ತು. ಆ ಮೊದಲ ಎರಡು ತಿಂಗಳ ಎಷ್ಟೋ ಹೆಸರು ಯಾರ ಬಾಯಿಂದ ಬಂದದ್ದು ಎಂದು ಈಗ ಗೊತ್ತಾಗುವುದಿಲ್ಲ, ಅನುಮಾನ ಬಂದರೆ ಹೋಗಿ ಕೇಳುವ ದಾರಿಯೂ ಇಲ್ಲ.

ಹೆಸರು

ನನ್ನ ಮೊದಲ ತಪ್ಪು, ಅತ್ತೆಯ ಹತ್ತಿರ ಗಿಡ ತೋರಿಸಿ "ಇದರ ಹೆಸರೇನು" ಎಂದು ಕೇಳಿದ್ದು. ಎಪ್ಪತ್ತೆಂಟು ವರ್ಷದ ಅವರು ಮೂರನೇ ಗಿಡಕ್ಕೇ ಬೇಸರ ಮಾಡಿಕೊಂಡರು. "ಅದ್ಕೆ ಹೆಸರು ಎಂತೂ ಇಲ್ಲೆ ಮಾರಾಯ್ತಿ, ಅದು ಸುಮ್ನೆ ಗಿಡ." ಹದಿನೈದು ದಿನ ಪ್ರಯತ್ನಿಸಿ, ಅವರಿಗೆ ಗಿಡ ಗೊತ್ತಿಲ್ಲ ಎಂದೇ ತೀರ್ಮಾನಕ್ಕೆ ಬಂದಿದ್ದೆ. ಒಂದು ದಿನ ಮಧ್ಯಾಹ್ನ ಊಟಕ್ಕೆ ತಂಬುಳಿ ಮಾಡುವಾಗ, ಮಳೆಗಾಲದಲ್ಲಿ ಯಾವ್ಯಾವ ಕುಡಿ ತಂಬುಳಿಗೆ ಆಗುತ್ತದೆ ಎಂದು ಸುಮ್ಮನೆ ಕೇಳಿದೆ. ಒಂದೆಲಗ, ಕನ್ನೆಕುಡಿ, ನೆಲನೆಲ್ಲಿ, ನೇರಳೆ ಕುಡಿ, ಕುಸುಮಾಲೆ ಹೂ… ಬಾಣಂತಿಗೆ ಯಾವುದು ಆಗುವುದಿಲ್ಲ, ಯಾವುದನ್ನು ತುಪ್ಪದಲ್ಲಿ ಹುರಿಯಬೇಕು, ಯಾವುದು ಹಳ್ಳದ ಆಚೆ ಬದಿಯಲ್ಲಿ ಮಾತ್ರ ಸಿಗುತ್ತದೆ ಎಂಬುದೂ ಜೊತೆಗೆ ಬಂತು. ಅಡುಗೆಮನೆಯಲ್ಲಿ ಕೂತು ಒಂದು ತಾಸಿನಲ್ಲಿ ಇಪ್ಪತ್ತಾರು ಗಿಡ ಬರೆದುಕೊಂಡೆ.

ಅಲ್ಲಿಂದ ಮುಂದೆ ಕೇಳುವ ಕ್ರಮವನ್ನೇ ಬದಲಿಸಿದೆ. ದನ ಯಾವುದನ್ನು ಮುಟ್ಟುವುದಿಲ್ಲ? ಯಾವ ಸೊಪ್ಪು ಹಾಸಿದರೆ ಗೊಬ್ಬರ ಬೇಗ ಕಳಿಯುತ್ತದೆ? ನೊಗಕ್ಕೆ ಯಾವ ಮರ? ಹಬ್ಬದ ದಿನ ಯಾವ ಎಲೆಯಲ್ಲಿ ಕಡುಬು? ದರಕಿಗೆ ಬರುವ ಹೆಂಗಸು ಬಳ್ಳಿಗಳ ಬಗ್ಗೆ ಹೇಳಿದಷ್ಟು ಬೇರೆ ಯಾರೂ ಹೇಳಲಿಲ್ಲ, ಏಕೆಂದರೆ ಹೊರೆ ಕಟ್ಟಲು ಯಾವುದು ಹರಿಯುವುದಿಲ್ಲ ಎಂದು ಅವರ ಕೈಗೆ ಗೊತ್ತು. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೆ ಗೊತ್ತಿರುವುದು ಮೂವತ್ತು ಅಡಿ ಮೇಲಿನ ಲೋಕ. ಯಾವ ಮರದ ಸುಳಿಯಲ್ಲಿ ಚಗಳಿ ಇರುವೆ ಗೂಡು ಕಟ್ಟಿದೆ, ಯಾವ ಒಣಮರದ ಪೊಟರೆಯಲ್ಲಿ ಕುಟ್ರುಹಕ್ಕಿ ಮರಿ ಮಾಡಿದೆ ಎಂದು ಕೆಳಗಿದ್ದ ನಮಗೆ ಹೇಗೆ ತಿಳಿಯಬೇಕು? ಹಾರುವ ಓತಿಯನ್ನು ನನಗೆ ತೋರಿಸಿದವನೂ ಅವನೇ. ಅಡಿಕೆ ಮರದ ಬೂದು ತೊಗಟೆಗೆ ಅಂಟಿಕೊಂಡು ಕೂತರೆ ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ಗಂಡು ತನ್ನ ಗಲ್ಲದ ಹಳದಿ ಚೀಲವನ್ನು ಬಿಚ್ಚಿ ಮಡಿಸಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. "ಇದು ನೆಲಕ್ಕೆ ಇಳಿಯೂದು ಮೊಟ್ಟೆ ಇಡೂಕೆ ಮಾತ್ರ, ಅಮ್ಮಾ" ಅಂದ. ಆಮೇಲೆ ಓದಿ ನೋಡಿದರೆ ಹಾಗೇ ಇದೆ: ಹೆಣ್ಣು ಮಣ್ಣಿನಲ್ಲಿ ಮೊಟ್ಟೆ ಇಡಲು ಕೆಳಗೆ ಬರುತ್ತದೆ, ಉಳಿದ ಬಾಳೆಲ್ಲ ಮರದಿಂದ ಮರಕ್ಕೆ.

ಊರ ಹೆಸರನ್ನು ಒಂದಕ್ಕೊಂದು ಹೊಂದಿಸುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ನನ್ನ ತವರಿನ ಪುನರ್ಪುಳಿ ಇಲ್ಲಿ ಮುರುಗಲು, ಅಲ್ಲಿನ ಕೇಪಳ ಇಲ್ಲಿ ಕುಸುಮಾಲೆ, ತಿಮರೆ ಇಲ್ಲಿ ಒಂದೆಲಗ. ಇವು ಸರಳ, ಒಂದೇ ಗಿಡಕ್ಕೆ ಎರಡು ಹೆಸರು. ತೊಂದರೆ ಇರುವುದು ಒಂದೇ ಹೆಸರಿಗೆ ಎರಡು ಗಿಡ ಇರುವಲ್ಲಿ. ‘ವಾಟೆ’ ಎಂದರೆ ಹಲಸಿನ ಕುಲದ, ಹುಳಿಹಣ್ಣಿನ ದೊಡ್ಡ ಮರ. ಹಳ್ಳದ ಬದಿಯಲ್ಲಿ ಮೆಳೆಯಾಗಿ ಬೆಳೆಯುವ ತೆಳುಗೋಡೆಯ ಬಿದಿರೂ ವಾಟೆಯೇ. ‘ಬ್ರಾಹ್ಮಿ’ ಎಂದು ಕೆಲವರು ಒಂದೆಲಗಕ್ಕೆ ಹೇಳುತ್ತಾರೆ, ಕೆಲವರು ಗದ್ದೆಬದುವಿನ ನೀರುಬ್ರಾಹ್ಮಿಗೆ. ಒಂದು ಸೆಂಟೆಲ್ಲಾ, ಇನ್ನೊಂದು ಬಕೋಪಾ. ಎಲೆ, ಹೂ, ಕುಲ ಯಾವುದೂ ಒಂದಲ್ಲ. ಪಟ್ಟಿಯಲ್ಲಿ ವೈಜ್ಞಾನಿಕ ಹೆಸರು ಬೇಕಾಗುವುದು ಇಂಥ ಕಡೆ. ಹಾಗೆಂದು ಅದನ್ನು ಬರೆದು ಊರ ಹೆಸರನ್ನು ಬಿಟ್ಟರೆ, ಅತ್ತೆಯಂಥವರಿಗೆ ಆ ಪಟ್ಟಿ ಓದಿ ಹೇಳಿದಾಗ ತಪ್ಪು ಹಿಡಿಯಲು ಅವರಿಗೆ ದಾರಿಯೇ ಇರುವುದಿಲ್ಲ. ನಮ್ಮ ನೋಟುಬುಕ್ಕಿನ ಹನ್ನೊಂದು ತಪ್ಪನ್ನು ಅತ್ತೆಯೇ ಹಿಡಿದದ್ದು.

ಹೊಳಗೇರು

ಫೋಟೊ ನೋಡಿ ಹೆಸರು ಹೇಳುವ ಒಂದು ಆ್ಯಪ್ ಮಗನ ಫೋನಿನಲ್ಲಿತ್ತು. ಚಿಟ್ಟೆಗೆ, ಹೂಬಿಟ್ಟ ಗಿಡಕ್ಕೆ ಚೆನ್ನಾಗಿಯೇ ನಡೆಯುತ್ತಿತ್ತು. ಆಗಸ್ಟ್ ತಿಂಗಳಲ್ಲಿ ಹಳ್ಳದ ಅಂಚಿನ ಸೊಂಟದೆತ್ತರದ ಒಂದು ಸಸಿಯನ್ನು ಅದು ಮಾವು ಎಂದು ತೋರಿಸಿತು. ಎಲೆ ಹಾಗೇ ಇತ್ತು: ಉದ್ದ, ತುದಿಯಲ್ಲಿ ಅಗಲ, ಕೊಂಬೆಯ ಕೊನೆಗೆ ಗುಂಪಾಗಿ. ಉಪ್ಪಿನಕಾಯಿಗೆ ಹಾಕುವ ಕಾಡುಮಾವು ಅಪ್ಪೆಮಿಡಿಯ ಸಸಿ ಸಿಕ್ಕಿತು ಎಂದು ಮಗನಿಗೆ ಸಂತೋಷ. ಮಾವಾದರೆ ಸೊನೆಯ ವಾಸನೆ ಬರಬೇಕಲ್ಲ ಎಂದು ಕುಡಿ ಮುರಿದು ಮೂಗಿನ ಹತ್ತಿರ ಹಿಡಿದ.

ಅದು ಹೊಳಗೇರು. ಮರುದಿನ ಬೆಳಿಗ್ಗೆ ಎರಡೂ ಕೈಬೆರಳ ಸಂದು ಕೆಂಪಾಗಿತ್ತು, ಸಂಜೆಗೆ ಬೊಕ್ಕೆ, ಮೂರನೇ ದಿನ ತುಟಿಯ ಮೇಲೂ. ವೈದ್ಯರ ಹತ್ತಿರ ಹೋಗಿ ಬಂದರೂ ಪೂರ್ತಿ ಇಳಿಯಲು ಎರಡು ವಾರ ಹಿಡಿಯಿತು. ಮಾವು, ಗೇರು, ಹೊಳಗೇರು ಎಲ್ಲ ಒಂದೇ ಕುಟುಂಬದವು. ಹೊಳಗೇರಿನ ಸೊನೆ ಗಾಳಿಗೆ ಕಪ್ಪಾಗುತ್ತದೆ, ಚರ್ಮ ಸುಡುತ್ತದೆ. ಗುರುತು ಹಿಡಿಯುವುದು ಕಷ್ಟವೇನಲ್ಲ, ನೋಡಬೇಕಾದ ಜಾಗ ಗೊತ್ತಿದ್ದರೆ: ಎಲೆಯ ತೊಟ್ಟಿನ ಮೇಲೆ ಎರಡು ಕಡೆ ಮೃದು ಮುಳ್ಳಿನಂಥ ಸಣ್ಣ ಚುಂಗು ಇರುತ್ತದೆ. ಮಾವಿಗೆ ಅದಿಲ್ಲ. ಫೋಟೊದಲ್ಲಿ ಎಲೆ ಪೂರ್ತಿ ಬಂದಿತ್ತು, ತೊಟ್ಟು ಕಾಣುತ್ತಿರಲಿಲ್ಲ.

ಆಮೇಲೆ ನಾವು ಪ್ರತಿ ಗಿಡಕ್ಕೆ ಐದು ಫೋಟೊ ಎಂದು ನಿಯಮ ಮಾಡಿಕೊಂಡೆವು: ಇಡೀ ಗಿಡ, ಎಲೆಯ ಮೇಲ್ಬದಿ, ಕೆಳಬದಿ, ಎಲೆ ಕೊಂಬೆಗೆ ಸೇರುವ ಜಾಗ, ತೊಗಟೆ. ಹೂ-ಕಾಯಿ ಇದ್ದರೆ ಅದು ಬೇರೆ. ಗೊತ್ತಿಲ್ಲದ ಗಿಡವನ್ನು ಮುರಿಯುವುದು, ಮೂಸುವುದು, ನಾಲಿಗೆಗೆ ತಾಗಿಸುವುದು ನಿಂತಿತು. ಆ್ಯಪ್ ಹೇಳಿದ್ದನ್ನು ಪೆನ್ಸಿಲ್‌ನಲ್ಲಿ ಮಾತ್ರ ಬರೆಯುತ್ತೇವೆ. ಊರಿನವರೊಬ್ಬರು ಅಥವಾ ಗಿಡ ಬಲ್ಲವರೊಬ್ಬರು ಒಪ್ಪಿದ ಮೇಲೆ ಪೆನ್ನು.

ಬೆಟ್ಟಕ್ಕೆ ಹೋಗುವ ಕಾಲದ ಬಗ್ಗೆಯೂ ಒಂದು ಮಾತು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರಕ್ಕೂ ಅದು ಹೊಸದಲ್ಲ. ಅದನ್ನು ಹರಡುವ ಉಣುಗಿನ ಮರಿಗಳ ಕಾಟ ಹೆಚ್ಚು ಇರುವುದು ನವೆಂಬರಿನಿಂದ ಮೇವರೆಗೆ, ಅಂದರೆ ಕಾಡಿನಲ್ಲಿ ನಡೆಯಲು ಅತಿ ಅನುಕೂಲವಾದ ಒಣಗಾಲದಲ್ಲೇ. ಹಾಗಾಗಿ ಬೆಟ್ಟದ ಹೆಚ್ಚಿನ ನಡಿಗೆಯನ್ನು ಮಳೆಗಾಲಕ್ಕೆ ಇಟ್ಟುಕೊಂಡೆವು. ಉಂಬಳ (ಜಿಗಣೆ) ಕಚ್ಚಿಸಿಕೊಂಡರೆ ರಕ್ತ ಹೋಗುತ್ತದೆ, ಜ್ವರ ಬರುವುದಿಲ್ಲ. ಒಣಗಾಲದಲ್ಲಿ ಹೋಗಲೇಬೇಕಾದಾಗ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರು ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಬೇಕು.

ಹಳ್ಳದ ರಾತ್ರಿ

ಪಟ್ಟಿಯ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ದಿನ ಎರಡನೇ ವರ್ಷದ ಮಳೆಗಾಲದಲ್ಲಿ ಬಂತು. ಹಳ್ಳದ ಬದಿಯ ಒಂದು ಬಾಗಿದ ಕಡ್ಡಿಯ ಮೇಲೆ, ನೀರಿನಿಂದ ಒಂದು ಗೇಣು ಎತ್ತರಕ್ಕೆ, ಮಣ್ಣಿನ ಸಣ್ಣ ಮುದ್ದೆ ಕಂಡಿತು. ಮಗ ಕಣಜದ ಗೂಡು ಎಂದ. ನನಗೂ ಹಾಗೇ ಕಂಡಿತು, ಆದರೆ ಮಣ್ಣು ಹಸಿಯಾಗಿತ್ತು, ಬೆರಳಲ್ಲಿ ಮೆತ್ತಿದ ಹಾಗೆ ಗೆರೆ ಗೆರೆ. ಟಾರ್ಚನ್ನು ಕೆಳಗಿನಿಂದ ಹಿಡಿದಾಗ ಒಂದು ಮೂಲೆಯಲ್ಲಿ ಮಣ್ಣು ತುಸು ಜಾರಿ, ಒಳಗಿನ ಲೋಳೆಯ ಮಣಿಗಳು ಮಿನುಗಿದವು. ಪ್ರತಿ ಮಣಿಯೊಳಗೆ ಒಂದು ಕಪ್ಪು ಚುಕ್ಕೆ. ಮಾರು ದೂರದಲ್ಲಿ ನೀರಿನಂಚಿಗೆ, ಕಂದುಬಣ್ಣದ, ಹೆಬ್ಬೆರಳಿಗಿಂತ ತುಸು ದೊಡ್ಡ ಕಪ್ಪೆಯೊಂದು ಕೂತಿತ್ತು. ಅದರ ಮುಂಗೈ ಎರಡೂ ಕೆಸರು.

ಕುಂಬಾರ ಕಪ್ಪೆ. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಜೊತೆಯವರು ನಮ್ಮದೇ ತಾಲೂಕಿನ ಕತ್ತಲೆಕಾನಿನಿಂದ ಹೊಸ ಪ್ರಭೇದವೆಂದು ವಿವರಿಸಿದ್ದು. ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿನಲ್ಲೇ ಕನ್ನಡ ಇದೆ. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಇಟ್ಟು ಹೋದ ಮೇಲೆ, ಗಂಡು ಹಳ್ಳದ ತಳದಿಂದ ಮಣ್ಣು ತೆಗೆದು ಮುಂಗೈಯಿಂದ ಮೊಟ್ಟೆಗೆ ಮೆತ್ತುತ್ತದೆ, ಕುಂಬಾರ ಮಡಕೆ ತಟ್ಟಿದ ಹಾಗೆ. ಓದಿ ಗೊತ್ತಿತ್ತು. ಮನೆಯ ಹಿಂದೆ, ನಾನು ಇಷ್ಟು ವರ್ಷ ಪಾತ್ರೆ ತೊಳೆದ ನೀರು ಸೇರುವ ಹಳ್ಳದಲ್ಲಿ ಇದೆ ಎಂದು ಗೊತ್ತಿರಲಿಲ್ಲ. ಆ ರಾತ್ರಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಬೆಳಕಿಗೆ ಅದು ಕೆಲಸ ನಿಲ್ಲಿಸಿಬಿಟ್ಟಿತ್ತು. ಫೋಟೊವನ್ನು ಬಲ್ಲವರೊಬ್ಬರಿಗೆ ಕಳಿಸಿ ಖಚಿತ ಮಾಡಿಕೊಂಡೆವು. ಪಾತ್ರೆ ತೊಳೆದ ಸೋಪಿನ ನೀರು ಈಗ ಹಳ್ಳಕ್ಕೆ ಹೋಗುವುದಿಲ್ಲ, ಬಾಳೆಬುಡದ ಗುಂಡಿಗೆ ಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮು, ಪಂಪು ತೊಳೆಯುವುದೂ ಹಳ್ಳದಲ್ಲಲ್ಲ. ಮೈಲುತುತ್ತದಲ್ಲಿರುವುದು ತಾಮ್ರ, ಗೊದಮೊಟ್ಟೆಗೆ ಅದು ವಿಷ.

ಬಿಳಿ ಪಂಚೆ ಕಟ್ಟಿ ದೀಪ ಹಾಕಿ ಪತಂಗ ನೋಡಿದ್ದು, ತೋಟದ ಬೇಲಿಗೆ ಕಟ್ಟಿದ ಎರವಲು ಕ್ಯಾಮೆರಾದಲ್ಲಿ ಪುನುಗಿನ ಬೆಕ್ಕು, ಮುಳ್ಳುಹಂದಿ, ಒಂದೇ ಒಂದು ಸಲ ಬರ್ಕ (ಮೌಸ್ ಡಿಯರ್) ಬಂದದ್ದು, ಇವೆಲ್ಲ ಪಟ್ಟಿಯಲ್ಲಿವೆ. ಬರ್ಕ ಈ ಕಡೆ ಮುಗಿದೇ ಹೋಯಿತು ಎಂದು ಮನೆಯವರು ಹೇಳುತ್ತಿದ್ದರು. ಮೊಲದಷ್ಟೇ ಇರುವ ಆ ಪುಟ್ಟ ಪ್ರಾಣಿ ಮೂರು ಸೆಕೆಂಡಿನ ವಿಡಿಯೊದಲ್ಲಿ ತಲೆ ತಗ್ಗಿಸಿ ದಾಟಿಹೋದದ್ದನ್ನು ಅವರು ಊಟ ಬಿಟ್ಟು ಎದ್ದು ಬಂದು ನಾಲ್ಕು ಸಲ ನೋಡಿದರು.

ಚಿಟ್ಟೆಗೆ ನಮಗೆ ದಾರಿಯಾದದ್ದು ಹಳೆಯ ಒಂದು ಕೆಲಸ. ಡೇವಿಡ್ಸನ್, ಬೆಲ್, ಐಟ್ಕನ್ ಎಂಬ ಮೂವರು ಅಧಿಕಾರಿಗಳು 1890ರ ದಶಕದಲ್ಲಿ ಇದೇ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಅವರು ಕಂಬಳಿಹುಳ ಸಾಕಿ, ಯಾವ ಹುಳ ಯಾವ ಎಲೆ ತಿನ್ನುತ್ತದೆ ಎಂದು ದಾಖಲಿಸಿದ್ದರು. ನಾವೂ ಹಾಗೇ ಗಿಡದಿಂದ ಚಿಟ್ಟೆಗೆ ಹೋದೆವು. ಈಶ್ವರಿ ಬಳ್ಳಿ ಎಲ್ಲಿದೆ ಎಂದು ಅತ್ತೆಗೆ ಗೊತ್ತಿತ್ತು. ಅದರ ಎಲೆಯ ಅಡಿಯಲ್ಲಿ ಕರ್ನಾಟಕದ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳ ಸಿಕ್ಕಿತು.

ಎರಡು ವರ್ಷದ ಕೊನೆಗೆ ಪೆನ್ನಿನಲ್ಲಿ ಬರೆದದ್ದು: ಮರ-ಪೊದೆ-ಬಳ್ಳಿ 163, ಹಕ್ಕಿ 109, ಚಿಟ್ಟೆ 84, ಕಪ್ಪೆ 14, ಹಾವು-ಓತಿ 22, ಸಸ್ತನಿ 19. ಪೆನ್ಸಿಲ್‌ನಲ್ಲೇ ಉಳಿದದ್ದು ಇದಕ್ಕಿಂತ ಹೆಚ್ಚು. ಹುಲ್ಲು, ಜೇಡ, ಅಣಬೆ ನಮ್ಮ ಕೈಗೆ ಬರಲಿಲ್ಲ. ಕೊನೆಯ ಪುಟದಲ್ಲಿ ‘ಇತ್ತು’ ಎಂದು ಬೇರೆ ಪಟ್ಟಿ ಇದೆ, ಹಿರಿಯರು ಕಂಡು ನಾವು ಕಾಣದ್ದು. ಅದರಲ್ಲಿ ಮೊದಲ ಹೆಸರು ರಣಹದ್ದು. ದನ ಸತ್ತರೆ ಬ್ಯಾಣದಲ್ಲಿ ಹಿಂಡು ಇಳಿಯುತ್ತಿತ್ತು ಎಂದು ಅತ್ತೆ ಹೇಳುತ್ತಾರೆ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ದೇಶದ ತುಂಬ ಅವುಗಳನ್ನು ಕೊಂದಿತು. 2006ರಲ್ಲಿ ಅದನ್ನು ಪಶುಗಳಿಗೆ ನಿಷೇಧಿಸುವ ಹೊತ್ತಿಗೆ ನಮ್ಮ ಬ್ಯಾಣಕ್ಕೆ ಇಳಿಯಲು ಹದ್ದು ಉಳಿದಿರಲಿಲ್ಲ. ‘ಹೊಸದಾಗಿ ಬಂದದ್ದು’ ಎಂಬಲ್ಲಿ ನವಿಲು, ಕಮ್ಯುನಿಸ್ಟ್ ಗಿಡ ಎಂಬ ಕಳೆ.

ಮಕ್ಕಳಿಲ್ಲದ ಮರ

ಇಷ್ಟಾದ ಮೇಲೆ ನಾನು ಹೆಮ್ಮೆಯಿಂದ ಪಟ್ಟಿಯನ್ನು ಕಾಡಿನ ವಿಷಯ ಬಲ್ಲ ಪರಿಚಯದವರೊಬ್ಬರಿಗೆ ತೋರಿಸಿದೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: "ಅಪ್ಪೆಮಾವು ಇದೆ ಅಂತ ಬರೆದಿದ್ದೀರಿ. ಯಾವ ವಯಸ್ಸಿನದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಇದೆ’ ಎಂಬುದರಲ್ಲಿ ನೂರು ವರ್ಷದ ಒಂದು ಮರವೂ ಸೇರುತ್ತದೆ, ಈ ವರ್ಷ ಹುಟ್ಟಿದ ಸಾವಿರ ಸಸಿಯೂ ಸೇರುತ್ತದೆ. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಸಾಲು.

ಆ ಅಕ್ಟೋಬರಿನಲ್ಲಿ ಮತ್ತೆ ಬೆಟ್ಟ ಹತ್ತಿದೆವು. ತೆಂಗಿನ ಹಗ್ಗ ಹಿಡಿದು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ಬೆಟ್ಟದಲ್ಲಿ ಎಂಟು, ಹಳ್ಳದ ಅಂಚಿನಲ್ಲಿ ನಾಲ್ಕು. ಪ್ರತಿ ಚೌಕದಲ್ಲಿ ಪ್ರತಿ ಮರಜಾತಿಯನ್ನು ನಾಲ್ಕು ಗುಂಪು ಮಾಡಿ ಎಣಿಸಿದೆವು: ಮೊಣಕಾಲಿಗಿಂತ ಕೆಳಗಿನದು, ಎದೆಮಟ್ಟದ್ದು, ತೋಳಿನ ದಪ್ಪದ್ದು, ಅದಕ್ಕಿಂತ ದೊಡ್ಡದು. ಆರು ದಿನದ ಕೆಲಸ. ಎರಡು ವರ್ಷ ಬರೆದದ್ದಕ್ಕಿಂತ ಈ ಆರು ದಿನದ ಹಾಳೆಗಳು ನಮಗೆ ಹೆಚ್ಚು ಹೇಳಿದವು ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಮತ್ತಿ, ಹೊನ್ನೆ, ನಂದಿ, ಕವಲು ಎಲ್ಲ ವಯಸ್ಸಿನಲ್ಲೂ ಸಿಕ್ಕವು. ಸೊಪ್ಪಿಗೆ ಕಡಿದರೂ ಚಿಗುರುವ ಜಾತಿಗಳು ಅವು. ಹಳ್ಳದ ಅಂಚಿಗೆ ಬಂದಾಗ ಲೆಕ್ಕ ಬದಲಾಯಿತು. ರಾಮಪತ್ರೆ (ಕಾಡು ಜಾಯಿಕಾಯಿ) ದೊಡ್ಡ ಮರ ಏಳು, ಸಸಿ ಎರಡು, ನಡುವಿನ ಪ್ರಾಯದ್ದು ಒಂದೂ ಇಲ್ಲ. ಅಪ್ಪೆಮಾವು ದೊಡ್ಡ ಮರ ಮೂರು. ಸಸಿ ಇಲ್ಲ, ಎದೆಮಟ್ಟದ್ದು ಇಲ್ಲ, ತೋಳಿನ ದಪ್ಪದ್ದು ಇಲ್ಲ. ಚೌಕ ಬಿಟ್ಟು ಹಳ್ಳದ ಎರಡೂ ದಡ ಹುಡುಕಿದೆವು. ಇಲ್ಲ.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಮಾವಿಗೂ ರಾಮಪತ್ರೆಗೂ ಬೀಜ ಒಣಗಿದರೆ ಹುಟ್ಟುವುದಿಲ್ಲ. ಬಿದ್ದ ಮಳೆಗಾಲದಲ್ಲೇ ಮೊಳೆಯಬೇಕು. ರಾಮಪತ್ರೆಯ ಕಾಯನ್ನು ಬೀಜದ ಮೇಲಿನ ಪತ್ರೆಗಾಗಿ ಬಲಿಯುವ ಮೊದಲೇ ಕೊಯ್ಯುತ್ತಾರೆ, ಉಳಿದದ್ದನ್ನು ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ನುಂಗಿ ದೂರ ಒಯ್ದು ಉದುರಿಸಬೇಕು. ಅಪ್ಪೆಯದು ಇನ್ನೂ ಸರಳ. ಫೆಬ್ರವರಿ-ಮಾರ್ಚಿನಲ್ಲಿ ಗೊರಟು ಗಟ್ಟಿಯಾಗುವ ಮೊದಲೇ ಮಿಡಿ ಕೊಯ್ದು ಉಪ್ಪಿಗೆ ಹಾಕುತ್ತೇವೆ. ಎಟುಕದ ತುದಿಯಲ್ಲಿ ನಾಲ್ಕು ಹಣ್ಣಾಗಿ ಬಿದ್ದು ಮೊಳೆತರೆ, ಜನವರಿಯಲ್ಲಿ ದರಕು ಗುಡಿಸುವಾಗ ಪಾದದೆತ್ತರದ ಆ ಸಸಿ ಎಲೆಯ ಜೊತೆ ಕಿತ್ತು ಹೆಡಿಗೆಗೆ ಹೋಗುತ್ತದೆ. ಮಿಡಿ ಕೊಯ್ದವರು ನಾವು, ಗುಡಿಸಿದವರೂ ನಾವು. ಐವತ್ತು ವರ್ಷದಿಂದ ಆ ಹಳ್ಳದಂಚಿನಲ್ಲಿ ಒಂದು ಅಪ್ಪೆಸಸಿಗೂ ಪ್ರಾಯ ಬಂದಿಲ್ಲ, ಮನೆಯ ಜಾಡಿ ಮಾತ್ರ ಪ್ರತಿ ವರ್ಷ ತುಂಬಿದೆ.

ಇದನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಅತ್ತೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಣ್ಣಾಪಲೆ ಬಿಟ್ಟಿದ್ರಲ್ದನೇ ಗಿಡ ಹುಟ್ಟದು" ಅಂದರು. ಹಣ್ಣಾಗಲು ಬಿಟ್ಟರೆ ತಾನೇ ಗಿಡ ಹುಟ್ಟುವುದು ಎಂದು.

ಬಿಡುವುದು ಯಾವ ಮರವನ್ನು ಎಂಬುದಕ್ಕೆ ಮನೆಯಲ್ಲಿ ಜಗಳವೇ ಆಯಿತು. ಮೂರರಲ್ಲಿ ಒಂದು ಜೀರಿಗೆ ಪರಿಮಳದ್ದು, ಮಿಡಿಗೆ ಅದೇ ಬೆಲೆ. ಅದನ್ನು ಕೊಯ್ದು ಉಳಿದೆರಡನ್ನು ಬಿಡೋಣ ಎಂದು ನನ್ನವರು. ಬೀಜದ ಗಿಡಕ್ಕೆ ತಾಯಿಯ ಪರಿಮಳವೇ ಬರುತ್ತದೆ ಎಂಬ ಖಾತ್ರಿ ಇಲ್ಲ, ಜೀರಿಗೆಯದು ಬೇಕಾದರೆ ಕಸಿ ಕಟ್ಟಬೇಕು ಎಂಬುದು ಅವರ ವಾದ. ಅದು ನಿಜವೂ ಹೌದು. ಒಳ್ಳೆಯ ಮರದ ಬೀಜವೇ ನೆಲಕ್ಕೆ ಬೀಳಬೇಕು ಎಂದು ಅತ್ತೆ. ಕೊನೆಗೆ ಜೀರಿಗೆ ಮರದಿಂದ ಆರು ಕಸಿ ಕಟ್ಟಿಸಿ ಹಿತ್ತಲಲ್ಲಿ ನೆಟ್ಟೆವು. ಹಳ್ಳದ ಮಟ್ಟಿಗೆ ಜೀರಿಗೆ ಮರದ ಬೆಟ್ಟದ ಬದಿಯ ಅರ್ಧ, ಮತ್ತೊಂದು ಮರ ಪೂರ್ತಿ, ಮುಟ್ಟುವುದಿಲ್ಲ ಎಂದಾಯಿತು. ಎರಡೂ ದಡದಲ್ಲಿ ಎಂಟು ಮಾರು ಅಗಲಕ್ಕೆ ದರಕು ಗುಡಿಸುವುದಿಲ್ಲ, ಸೊಪ್ಪು ಕಡಿಯುವುದಿಲ್ಲ. ದರಕಿಗೆ ಬರುವ ಹೆಂಗಸು ಗಡಿಗೆ ಕೆಂಪು ಬಟ್ಟೆ ಕಟ್ಟಿಕೊಡಿ ಎಂದರು, ಕಟ್ಟಿದೆವು. ಗೊಬ್ಬರಕ್ಕೆ ಕಡಿಮೆಯಾದ ದರಕಿಗೆ ಬ್ಯಾಣದ ಕರಡ (ಒಣಹುಲ್ಲು) ಸೇರಿಸಿಕೊಂಡೆವು.

ಯಾರಿಗೆ ಕೊಡುವುದು, ಯಾವುದನ್ನು ಕೊಡದಿರುವುದು

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಹತ್ತಿರ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಮ್ಮ ಕಡೆಯ ಒಂದು ದಾಖಲಾತಿಯನ್ನು ಓದಿದಾಗ ಈ ಭಾಗದಲ್ಲಿ ಬೆಳೆಯದ ಮರಗಳ ಹೆಸರೂ ಅದರಲ್ಲಿ ಇದ್ದವು. ನನಗೆ ಬಹಳ ನೋವಾಯಿತು. ದೇಶದಾದ್ಯಂತ 2020ರ ಜನವರಿ ಒಳಗೆ ಮುಗಿಸಬೇಕೆಂಬ ಗಡುವು ಇದ್ದದ್ದು ಗೊತ್ತು. ಆದರೂ ಒಂದು ಊರಿನ ನಾಲ್ಕು ಹಿರಿಯರ ಅಡುಗೆಮನೆಯಲ್ಲಿ ಕೂತಿದ್ದರೆ ಸಾಕಿತ್ತು. ನಮ್ಮ ಪಟ್ಟಿಯ ಪ್ರತಿಯನ್ನು ಸಮಿತಿಗೆ ಕೊಟ್ಟಿದ್ದೇವೆ, ಮುಂದಿನ ತಿದ್ದುಪಡಿಯಲ್ಲಿ ಸೇರಿಸಿಕೊಳ್ಳಿ ಎಂದು.

ಹಕ್ಕಿಯ ದಾಖಲೆ ಇ-ಬರ್ಡ್ ಜಾಲತಾಣಕ್ಕೆ, ಗಿಡ-ಚಿಟ್ಟೆಯದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದ್ದೇವೆ. ಎಲ್ಲವನ್ನೂ ಅಲ್ಲ. ಕಳ್ಳಬೇಟೆಗೆ ಗುರಿಯಾಗುವ ಪ್ರಾಣಿ, ಬುಡಸಮೇತ ಕಿತ್ತು ಮಾರುವ ಔಷಧಿ ಬೇರು, ಮಂಗಟ್ಟೆ ಗೂಡಿನ ಮರ ಎಲ್ಲಿದೆ ಎಂಬುದು ನೋಟುಬುಕ್ಕಿನಲ್ಲಿ ಮಾತ್ರ. ಪಂಚಾಯತಿಗೆ ಕೊಟ್ಟ ಪ್ರತಿಯಲ್ಲೂ ಆ ಜಾಗಗಳ ಗುರುತು ಬಿಟ್ಟಿದ್ದೇವೆ. ಊರಿನವರ ಔಷಧಿ ತಿಳಿವಳಿಕೆಯನ್ನೂ ಹಾಗೇ: ಯಾವ ಗಿಡ ಎಂದು ಬರೆದಿದ್ದೇವೆ, ಯಾವ ರೋಗಕ್ಕೆ ಹೇಗೆ ಎಂಬುದು ಹೇಳಿದವರು ಒಪ್ಪಿದಲ್ಲಿ ಮಾತ್ರ. ದರಕಿಗೆ ಬರುವವರು ಎರಡು ಗಿಡದ ವಿಷಯ ಹೇಳಿ, ಬರೆಯಬೇಡಿ ಎಂದರು. ಬರೆದಿಲ್ಲ.

ಈಗ

ಮುಟ್ಟದೆ ಬಿಟ್ಟ ಮೊದಲ ವರ್ಷ ಕಾಯನ್ನೆಲ್ಲ ಮಂಗ ತಿಂದವು. ಗೊರಟು ಉದುರಿದ್ದು ಕಂಡಿತು, ಆದರೆ ಎಳೆಯದಾಗಿರುವಾಗಲೇ ಕಚ್ಚಿ ಬಿಸಾಡಿದ್ದು; ಒಂದೂ ಹುಟ್ಟಲಿಲ್ಲ. ಮಿಡಿಯೂ ಹೋಯಿತು, ಸಸಿಯೂ ಇಲ್ಲ ಎಂದು ಮನೆಯಲ್ಲಿ ಮಾತು ಬಂತು. ಅತ್ತೆ ಇನ್ನೊಂದು ವರ್ಷ ನೋಡೋಣ ಎಂದರು.

ಈ ವರ್ಷ ಜುಲೈ ಎರಡನೇ ವಾರ ಎಣಿಸಿದಾಗ ದಡದ ಕೊಳೆತ ದರಕಿನ ನಡುವೆ ತಾಮ್ರದ ಬಣ್ಣದ ಎಳೆ ಎಲೆ ಹೊತ್ತ ಹದಿನೇಳು ಸಸಿ ಇದ್ದವು. ಪ್ರತಿಯೊಂದರ ತೊಟ್ಟನ್ನು ಮಗ ದೂರದಿಂದಲೇ ಬಗ್ಗಿ ನೋಡಿ, ಚುಂಗು ಇಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಪಕ್ಕದಲ್ಲಿ ಗೂಟ ಹೊಡೆದ. ಆಗಸ್ಟ್ ಕೊನೆಗೆ ಹಳ್ಳ ಏರಿ ಐದು ಕೊಚ್ಚಿಹೋದವು. ಎರಡನ್ನು ಮುಳ್ಳುಹಂದಿಯೋ ಬೇರೆ ಏನೋ ಬುಡ ಕೆದಕಿದೆ. ಉಳಿದ ಹತ್ತಕ್ಕೆ ನಂಬರು ಕೊಟ್ಟು, ನೋಟುಬುಕ್ಕಿನಲ್ಲಿ ಪ್ರತಿಯೊಂದಕ್ಕೂ ಒಂದು ಪುಟ ಬಿಟ್ಟಿದ್ದೇವೆ. ಮುಂದಿನ ಎಣಿಕೆ ಜನವರಿಯಲ್ಲಿ, ದರಕು ಗುಡಿಸುವ ವಾರದ ಮೊದಲ ದಿನ.